ಶೆಡ್ಡಿನಲ್ಲಿ ನಿಂತ ಪದ್ಮಿನಿ ಮತ್ತೆ ರಸ್ತೆಗೆ: ಯಾವ ಕೆಲಸದ ಬೆನ್ನಿಗೆ ಯಾವ ಕೆಲಸ

ತಾತನ ಪದ್ಮಿನಿ ಕಾರು ಹತ್ತು ವರ್ಷದಿಂದ ಶೆಡ್ಡಿನಲ್ಲಿದೆ, ರಿಪೇರಿ ಶುರು ಮಾಡಿದೆವು, ಅರ್ಧಕ್ಕೇ ನಿಂತುಹೋಯಿತು. ಈ ಮಾತು ಹೇಳಿದವರು ಒಬ್ಬಿಬ್ಬರಲ್ಲ. ಕೇಳುತ್ತಾ ಹೋದರೆ ಎಲ್ಲರದ್ದೂ ಎರಡೇ ಕಥೆ. ಕೆಲವರು ಮೊದಲ ವಾರದ ಹುಮ್ಮಸ್ಸಿನಲ್ಲಿ ಇಡೀ ಗಾಡಿಯನ್ನು ಬಿಚ್ಚಿ ಹರಡಿರುತ್ತಾರೆ. ಆರು ತಿಂಗಳು ಕಳೆದರೆ ಯಾವ ಬೋಲ್ಟ್ ಎಲ್ಲಿಯದು ಅಂತ ಅವರಿಗೇ ಗೊತ್ತಾಗುವುದಿಲ್ಲ. ಇನ್ನು ಕೆಲವರು ಮೊದಲು ಪೇಂಟ್ ಮಾಡಿಸಿರುತ್ತಾರೆ. ಆಮೇಲೆ ಬ್ರೇಕ್, ವೆಲ್ಡಿಂಗ್ ಅಂತ ಶುರುವಾಗಿ ಆ ಪೇಂಟೆಲ್ಲ ಹಾಳಾಗಿರುತ್ತದೆ. ಕೈಕೆಲಸ ಬರದೆ ಸೋತವರು ಕಡಿಮೆ. ಕ್ರಮ ತಪ್ಪಿ ಸೋತವರೇ ಜಾಸ್ತಿ.

ಹಾಗಾಗಿ ಇಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಒಂದು ನಿಯಮ ಶುರುವಿನಿಂದ ಕೊನೆಯವರೆಗೂ ನೆನಪಿರಲಿ: ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ. ಅದು ಮುಗಿದು ಜೋಡಣೆಯಾಗುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ. ಪ್ರತಿ ಹಂತ ಮುಗಿದಾಗ ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಬೇಕು, ತಳ್ಳಿದರೆ ಉರುಳಬೇಕು.

ಪ್ರೀಮಿಯರ್ ಪದ್ಮಿನಿ ಮತ್ತು ಅದಕ್ಕಿಂತ ಹಿಂದಿನ ಫಿಯೆಟ್ 1100 ಡಿ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಅಂಬಾಸಡರ್‌ಗೂ ಕ್ರಮ ಇದೇ, ಅಳತೆಗಳು ಬೇರೆ.

ಹಂತ 1: ಸ್ಪ್ಯಾನರ್‌ಗಿಂತ ಮೊದಲು ಆರ್‌ಸಿ

ಆರ್‌ಸಿ ಪುಸ್ತಕ ಕೈಯಲ್ಲಿ ಹಿಡಿದು ಬಾನೆಟ್ ಎತ್ತಿ. ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ತಾಳೆ ನೋಡಿ. ನಂಬರಿನ ಮೇಲೆ ಕೊಳೆ ಇದ್ದರೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ. ಉಜ್ಜು ಕಾಗದ ತಾಗಿಸಲೇಬೇಡಿ. ಉಜ್ಜಿದ ನಂಬರ್ ಕಂಡರೆ ಆರ್‌ಟಿಒ ಇನ್ಸ್‌ಪೆಕ್ಟರ್‌ಗೆ ಅನುಮಾನ ಬರುವುದು ಸಹಜ.

ಗಾಡಿ ತೀರಿಹೋದ ಹಿರಿಯರ ಹೆಸರಿನಲ್ಲೇ ಇದ್ದರೆ ಮೊದಲು ವರ್ಗಾವಣೆ ಮಾಡಿಸಿ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರ್ಮ್ 25 ಹಾಕಿ, ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಇನ್ನೊಂದು ದಾರಿ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಅದನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಇರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥದಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಊರು ಸುತ್ತುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಿ.

ಕಾಗದ ಸರಿಹೋಗುವ ಲಕ್ಷಣ ಕಾಣದಿದ್ದರೆ ಇಲ್ಲೇ ನಿಲ್ಲಿ. ದುಡ್ಡು ಸುರಿದ ಮೇಲೆ ಈ ವಿಷಯ ತಿಳಿದು ಕಣ್ಣಲ್ಲಿ ನೀರು ಹಾಕಿದವರನ್ನು ನೋಡಿದ್ದೇನೆ.

ಹಂತ 2: ತುಕ್ಕು ಎಲ್ಲಿದೆ ಅಂತ ಹುಡುಕಿ

ಪದ್ಮಿನಿಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಇಡೀ ಭಾರ ಹೊರುತ್ತದೆ. ಆದ್ದರಿಂದ ಬಾಗಿಲ ಮೇಲಿನ ತುಕ್ಕು ಬರೀ ಅಂದದ ವಿಷಯ, ಬಾಗಿಲ ಕೆಳಗಿನ ತುಕ್ಕು ಜೀವದ ವಿಷಯ.

ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್, ಒಂದು ಸಣ್ಣ ಅಯಸ್ಕಾಂತ ತಗೊಂಡು ಗಾಡಿಯ ಕೆಳಗೆ ಮಲಗಿ. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗ, ಅಂದರೆ ಸಿಲ್, ಅದನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತಿಂದುಹೋದ ತಗಡು ಮೊದ್ದಾಗಿ ಸದ್ದು ಮಾಡುತ್ತದೆ. ಆಮೇಲೆ ಜಾಕ್ ಕೊಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ, ಮುಂದಿನ ಸಸ್ಪೆನ್ಷನ್ ಕೂರುವ ಜಾಗ, ಕಾಲಿಡುವ ಫ್ಲೋರ್, ಬ್ಯಾಟರಿ ಟ್ರೇ, ಡಿಕ್ಕಿಯ ಮೂಲೆ. ಅಯಸ್ಕಾಂತ ಹಿಡಿಯದ ಕಡೆ ಒಳಗೆ ಪಟ್ಟಿ (ಗುಳಿ ತುಂಬುವ ಪುಟ್ಟಿ) ಮೆತ್ತಿದ್ದಾರೆ ಅಂತ ಅರ್ಥ.

ಗಾಡಿ ಎಲ್ಲಿ ಬಾಳಿತು ಅನ್ನುವುದೂ ಮುಖ್ಯ. ಉಡುಪಿ, ಮಂಗಳೂರು, ಕಾರವಾರದ ಗಾಡಿಯ ಇಂಜಿನ್ ಎಷ್ಟೇ ಚೆನ್ನಾಗಿರಲಿ, ಸಿಲ್ ನೋಡದೆ ಮಾತಾಡಬೇಡಿ. ಉಪ್ಪುಗಾಳಿ ಒಳಗಿನಿಂದ ತಿಂದಿರುತ್ತದೆ. ರಾಯಚೂರು, ಬಳ್ಳಾರಿ ಕಡೆಯ ಒಣ ಹವೆಯಲ್ಲಿ ತಗಡು ಉಳಿದಿರುತ್ತದೆ, ರಬ್ಬರು ಬಿಸಿಲಿಗೆ ಒಡೆದಿರುತ್ತದೆ. ರಬ್ಬರು ಅಂಗಡಿಯಲ್ಲಿ ಸಿಗುತ್ತದೆ. ಹೋದ ಬಾಡಿ ಸಿಗುವುದಿಲ್ಲ. ಆಯ್ಕೆ ಇದ್ದರೆ ಒಣ ಊರಿನ ಗಾಡಿಯನ್ನೇ ತಗೊಳ್ಳಿ.

ಅಪಾಯದ ಗುರುತು: ಬಾಗಿಲು ತೆಗೆದಾಗ ಕೆಳಗೆ ಜೋತುಬಿದ್ದು, ಎತ್ತಿ ಹಾಕಿದರೆ ಮಾತ್ರ ಮುಚ್ಚುತ್ತದೆಯೇ? ಮೊದಲು ಹಿಂಜ್ ನೋಡಿ. ಹಿಂಜ್ ಗಟ್ಟಿ ಇದ್ದೂ ಹೀಗಾದರೆ, ನಡುವೆ ಬಾಡಿಯೇ ಬಾಗಿದೆ. ಅದು ಮನೆಯಲ್ಲಿ ಒಬ್ಬರೇ ಮಾಡುವ ಕೆಲಸ ಅಲ್ಲ.

ಹಂತ 3: ಜಾಗ ಮತ್ತು ಸಾಮಾನು

ಗಾಡಿಯ ಸುತ್ತ ಮೂರಡಿ ಓಡಾಡುವ ಜಾಗ, ಗಟ್ಟಿ ಕಾಂಕ್ರೀಟ್ ನೆಲ, ಮೇಲೆ ಸೋರದ ಶೀಟು. ಇಷ್ಟಿದ್ದರೆ ಸಾಕು.

ರಿಂಗ್ ಮತ್ತು ಓಪನ್ ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಫೀಲರ್ ಗೇಜ್, ಮಲ್ಟಿಮೀಟರ್, ಕಂಪ್ರೆಷನ್ ಗೇಜ್, ಗ್ರೀಸ್ ಗನ್, ಟ್ರಾಲಿ ಜಾಕ್, ನಾಲ್ಕು ಆಕ್ಸಲ್ ಸ್ಟ್ಯಾಂಡ್ ಬೇಕು. ಬ್ರೇಕ್ ಪೈಪ್ ಬಿಚ್ಚಲು ಮಾತ್ರ ಫ್ಲೇರ್ ನಟ್ ಸ್ಪ್ಯಾನರ್ ಬೇರೆ ತನ್ನಿ. ಸಾದಾ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಎಬಿಸಿ ಪುಡಿಯ ಅಗ್ನಿಶಾಮಕ ಒಂದನ್ನು ಬಾಗಿಲ ಪಕ್ಕದಲ್ಲೇ ನೇತುಹಾಕಿ. ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ ಹುಡುಕಿ ಇಟ್ಟುಕೊಳ್ಳಿ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಭಾಗದ ಸಂದು), ಬೋಲ್ಟ್ ಬಿಗಿ ಇವನ್ನೆಲ್ಲ ಬಾಯಿಮಾತಿನ ಮೇಲೆ ಮಾಡಬಾರದು.

ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ದಯವಿಟ್ಟು ಬಿಡಿ. ಟೊಳ್ಳು ಬ್ಲಾಕ್ ಯಾವ ಮುನ್ಸೂಚನೆಯೂ ಇಲ್ಲದೆ ಒಂದೇ ಕ್ಷಣದಲ್ಲಿ ಪುಡಿಯಾಗುತ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಚಾಚಬೇಡಿ. ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ತುಕ್ಕು ಹಿಡಿದ ಸಿಲ್ ಕೆಳಗೂ ಸ್ಟ್ಯಾಂಡ್ ಕೊಡಬಾರದು. ಹಿಂದೆ ಆಕ್ಸಲ್ ಕೊಳವೆಯ ಕೆಳಗೆ, ಮುಂದೆ ಸಸ್ಪೆನ್ಷನ್‌ನ ಗಟ್ಟಿ ಅಡ್ಡಪಟ್ಟಿಯ ಕೆಳಗೆ ಕೊಡಿ.

ಹಂತ 4: ತೊಳೆಯಿರಿ, ಫೋಟೋ ತೆಗೆಯಿರಿ, ಹೆಸರು ಬರೆಯಿರಿ

ಮೊದಲು ಬ್ಯಾಟರಿ ಬಿಚ್ಚಿ ಪಕ್ಕಕ್ಕಿಡಿ. ಇಲಿ ಗೂಡಿಗೆ ಗ್ಲೌಸ್, ಮಾಸ್ಕ್ ಇಲ್ಲದೆ ಕೈ ಹಾಕಬೇಡಿ. ಏರ್ ಫಿಲ್ಟರ್ ಡಬ್ಬ ಮತ್ತು ಸೈಲೆನ್ಸರ್ ತುದಿಯಲ್ಲೂ ಇಲಿ ಗೂಡು ಕಟ್ಟಿರುತ್ತದೆ. ಮಲೆನಾಡಿನವರು ಸೀಟಿನ ಕೆಳಗೆ ಹಾವು ಇದೆಯೇ ಅಂತಲೂ ಒಮ್ಮೆ ನೋಡಿಕೊಳ್ಳಿ.

ಯಾವುದೇ ಭಾಗ ಬಿಚ್ಚುವ ಮುಂಚೆ ಮೂರು ಫೋಟೋ: ದೂರದಿಂದ, ಹತ್ತಿರದಿಂದ, ವೈರು ಪೈಪು ಕಾಣುವಂತೆ. ಬೋಲ್ಟುಗಳನ್ನು ಜಿಪ್ ಕವರಿನಲ್ಲಿ ಹಾಕಿ ‘ಮುಂದೆ ಎಡ ಡ್ರಮ್’ ಅಂತ ಬರೆದ ಚೀಟಿ ಒಳಗೇ ಹಾಕಿ. ಹೊರಗೆ ಬರೆದ ಅಕ್ಷರ ಗ್ರೀಸಿಗೆ ಅಳಿಸುತ್ತದೆ. ಹಳೆಯ ಭಾಗಗಳನ್ನು ಕೆಲಸ ಪೂರ್ತಿ ಮುಗಿಯುವ ತನಕ ಗುಜರಿಗೆ ಕೊಡಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಶಿವಾಜಿನಗರದ ಗುಜರಿಯಲ್ಲಾಗಲಿ ಹಳೆಯ ತುಂಡು ಕೈಯಲ್ಲಿದ್ದರೆ ಹೊಸದು ಸಿಗುತ್ತದೆ. ಬರೀ ಹೆಸರು ಹೇಳಿದರೆ ಬೇರೆ ಏನೋ ಕೊಡುತ್ತಾರೆ.

ಹಂತ 5: ಮೊದಲ ರಿಪೇರಿ ಬ್ರೇಕ್

ಎಲ್ಲರೂ ಇಂಜಿನ್ನಿಂದ ಶುರು ಮಾಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಇಂಜಿನ್ ಸ್ಟಾರ್ಟ್ ಆದ ಕ್ಷಣ ಯಾರಿಗೂ ತಡೆಯಲಾಗುವುದಿಲ್ಲ, ‘ಸುಮ್ನೆ ಗೇಟಿನ ತನಕ’ ಅಂತ ಗೇರ್ ಹಾಕಿಬಿಡುತ್ತಾರೆ. ನಿಲ್ಲದ ಗಾಡಿ ಗೇಟಿಗೆ ಗುದ್ದಿ, ಎದುರುಮನೆಯ ಮಗು ಕೂದಲೆಳೆಯಲ್ಲಿ ಉಳಿದದ್ದನ್ನು ಕಣ್ಣಾರೆ ನೋಡಿದವನು ನಾನು. ಬ್ರೇಕ್ ಆಗುವ ತನಕ ಗಾಡಿಗೆ ಪೆಟ್ರೋಲ್ ಬೇಡ.

ನಾಲ್ಕು ಡ್ರಮ್ಮನ್ನೂ, ಅಂದರೆ ಚಕ್ರದ ಹಿಂದಿನ ದುಂಡನೆಯ ಬ್ರೇಕ್ ಡಬ್ಬಗಳನ್ನು, ಬಿಚ್ಚಿ. ಡ್ರಮ್ ಅಂಟಿಕೊಂಡಿದ್ದರೆ ಅಡ್ಜಸ್ಟರ್ ಸಡಿಲಿಸಿ, ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಬ್ರೇಕ್ ಶೂಗಳ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಬಿಚ್ಚಿ ಒಳಗೆ ಬೆರಳಾಡಿಸಿ. ನುಣ್ಣಗಿದ್ದರೆ ಹೊಸ ರಬ್ಬರ್ ಕಿಟ್ ಸಾಕು. ಕುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಿ. ಇಲ್ಲಿ ಉಳಿಸಿದ ದುಡ್ಡು ಉಳಿಯುವುದಿಲ್ಲ. ನನ್ನ ಗಾಡಿಗೆ ಕುಳಿಬಿದ್ದ ಸಿಲಿಂಡರಿಗೇ ಒಬ್ಬ ಮೆಕ್ಯಾನಿಕ್ ಕಿಟ್ ಹಾಕಿಕೊಟ್ಟರು. ಎಂಟನೇ ದಿನ ಹಿಂದಿನ ಚಕ್ರದ ಒಳಗಡೆ ಎಣ್ಣೆ ಇಳಿದಿತ್ತು, ಹೊಸ ಶೂ ಕೂಡ ಹಾಳು. ಎಣ್ಣೆ ಕುಡಿದ ಶೂ ಸುಟ್ಟರೂ ತೊಳೆದರೂ ಸರಿಹೋಗುವುದಿಲ್ಲ. ಶೂಗಳನ್ನು ಯಾವಾಗಲೂ ಎಡ ಬಲ ಜೊತೆಯಾಗಿಯೇ ಬದಲಿಸಿ.

ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ. ಒಳಗೆ ಉಬ್ಬಿ ದಾರಿ ಮುಚ್ಚಿಕೊಂಡಿರುತ್ತದೆ. ಉಕ್ಕಿನ ಪೈಪು ತುಕ್ಕು ಹಿಡಿದಿದ್ದರೆ ಅದನ್ನೂ ಬದಲಿಸಿ. ಹಳೆಯ ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಹ್ಯಾಂಡ್‌ಬ್ರೇಕ್ ಕೇಬಲ್ಲನ್ನೂ ಈಗಲೇ ಸರಿಮಾಡಿ, ಕಾಲಿನದು ಕೈಕೊಟ್ಟರೆ ಉಳಿಯುವುದು ಅದೊಂದೇ.

ಡಾಟ್ 3 ಬ್ರೇಕ್ ಆಯಿಲ್‌ನ ಹೊಸ ಡಬ್ಬ ಒಡೆಯಿರಿ. ಅರ್ಧ ಉಳಿದ ಹಳೆಯ ಡಬ್ಬ ಬೇಡ, ಅದು ಗಾಳಿಯ ತೇವ ಹೀರಿರುತ್ತದೆ. ಪೈಪಿನೊಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ತುಂಬಾ ದೂರದ ಚಕ್ರದಿಂದ ಶುರು ಮಾಡಿ: ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ನಡುವೆ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಖಾಲಿಯಾದರೆ ಮತ್ತೆ ಮೊದಲಿನಿಂದ.

ಪೆಡಲ್ ಹೇಳುವ ಮಾತು ಕೇಳಿ. ಸ್ಪಂಜಿನಂತಿದ್ದರೆ ಗಾಳಿ ಉಳಿದಿದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್ ಹೋಗಿದೆ. ಕಾಲು ತೆಗೆದರೂ ಒಂದು ಚಕ್ರ ಬಿಡದಿದ್ದರೆ ಆ ಕಡೆಯ ಹೋಸ್ ನೋಡಿ.

ಹಂತ 6: ಜಾಮ್ ಆದ ಇಂಜಿನ್ ಬಿಡಿಸುವುದು

ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವುದು ಅತಿ ದೊಡ್ಡ ತಪ್ಪು. ಅಂಟಿಕೊಂಡ ಪಿಸ್ಟನ್ ರಿಂಗ್ ಮುರಿಯಬಹುದು, ಅಂಟಿಕೊಂಡ ವಾಲ್ವ್ ಪುಶ್‌ರಾಡ್ ಬಗ್ಗಿಸಬಹುದು. ಕಟ್ಟಿ ಎಳೆಸಿ ಸ್ಟಾರ್ಟ್ ಮಾಡುವುದು ಇನ್ನೂ ಕೆಟ್ಟದ್ದು.

ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಎರಡು ಮೂರು ಚಮಚ ಇಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಹಾಕಿ. ಮೂರು ದಿನ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಡದಿದ್ದರೆ ಮತ್ತೆ ಎಣ್ಣೆ, ಮತ್ತೆ ಮೂರು ದಿನ. ಎರಡು ವಾರಕ್ಕೂ ಬಿಡದಿದ್ದರೆ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಇಳಿಸಲೇಬೇಕು.

ತಿರುಗಿತು ಅಂದರೆ ಹಳೆಯ ಆಯಿಲ್ ಇಳಿಸಿ ನೋಡಿ. ಹಾಲು ಬೆರೆತ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಮಿನುಗುವ ಲೋಹದ ಚೂರು ಕಂಡರೆ ಬೇರಿಂಗ್ ನೋಡದೆ ಮುಂದೆ ಹೋಗಬೇಡಿ. ಹೊಸ 20ಡಬ್ಲ್ಯೂ-50 ಆಯಿಲ್ ಮತ್ತು ಫಿಲ್ಟರ್ ಹಾಕಿ, ಪ್ಲಗ್ ಇಲ್ಲದೆಯೇ ಸೆಲ್ಫ್‌ನಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ, ಆಯಿಲ್ ಎಲ್ಲ ಕಡೆ ಹತ್ತಲಿ.

ಆಮೇಲೆ ಗೇಜ್ ಹಾಕಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿ. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇರುವುದು ಮುಖ್ಯ. ಒಂದರಲ್ಲಿ ತುಂಬಾ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಹೆಡ್ ಇಳಿಸುವ ಪ್ರಸಂಗ ಬಂದರೆ ಎರಡು ಕೆಲಸ ಒಟ್ಟಿಗೆ ಮಾಡಿಸಿ. ಇದು ಅಲ್ಯುಮಿನಿಯಂ ಹೆಡ್, ಬಿಸಿಯೇರಿದರೆ ಬಾಗುತ್ತದೆ, ಮಟ್ಟ ನೋಡಿಸಿ. ಜೊತೆಗೆ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಗಟ್ಟಿ ಉಕ್ಕಿನ ಸೀಟು ಹಾಕಿಸಿ. ಸೀಸ ಬೆರೆತ ಪೆಟ್ರೋಲ್ 2000ದಲ್ಲೇ ದೇಶದಲ್ಲಿ ನಿಂತಿತು, ಅದರ ರಕ್ಷಣೆ ಇಲ್ಲದೆ ಹಳೆಯ ಸೀಟು ಬೇಗ ಸವೆಯಬಹುದು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಅಲ್ಲ, ಮೂರು ಸುತ್ತಿನಲ್ಲಿ ಬಿಗಿ ಮಾಡಿ.

ಹಂತ 7: ಪೆಟ್ರೋಲ್ ದಾರಿ, ನೀರಿನ ದಾರಿ, ಆಮೇಲೆ ಕಿಡಿ

ಟ್ಯಾಂಕ್ ಇಳಿಸಿ ಮೂಗು ಹತ್ತಿರ ತನ್ನಿ. ಹಳೆಯ ವಾರ್ನಿಶ್ ವಾಸನೆ ಬಂದರೆ ಒಳಗೆ ಗೋಂದು ಕಟ್ಟಿದೆ. ಕಾರ್ಬುರೇಟರ್ ಜೆಟ್ಟುಗಳೂ ಅದರಿಂದಲೇ ಕಟ್ಟಿರುತ್ತವೆ. ತುಕ್ಕು ಇದ್ದರೆ ರೇಡಿಯೇಟರ್ ಅಂಗಡಿಯವರ ಹತ್ತಿರ ತೊಳೆಸಿ, ಒಳಗೆ ಲೇಪ ಕೊಡಿಸಿ. ಖಾಲಿ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಬೇಡಿ. ಒಳಗಿನ ಆವಿ ಬಾಂಬಿನಂತೆ ಸಿಡಿಯುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರು ಇದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ಕಿಟ್ ಮೂರನ್ನೂ ಎಥನಾಲ್ ತಡೆಯುವಂಥದ್ದೇ ಹಾಕಿ. ಎಥನಾಲ್ ತೇವವನ್ನೂ ಹೀರುತ್ತದೆ, ಆದ್ದರಿಂದ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ಖಾಲಿ ಮಾಡಿಯೇ ನಿಲ್ಲಿಸಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡವೇ ಬೇಡ. ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ಒಳಗೂ ಕಟ್ಟುತ್ತದೆ. ಹಳೆಯದನ್ನು ತೊಳೆದು, ಹೋಸ್ ಬದಲಿಸಿ, ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಹಾಕಿ.

ಇನ್ನು ಡೆಲ್ಕೋ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ. ಪಾಯಿಂಟ್, ಕಂಡೆನ್ಸರ್, ರೋಟರ್, ಕ್ಯಾಪ್ ಹೊಸದಾಗಿರಲಿ. ಪ್ಲಗ್ ವೈರಿನ ಕ್ರಮ 1-3-4-2. ಸ್ಟಾರ್ಟ್ ಆದ ತಕ್ಷಣ ಆಯಿಲ್ ದೀಪ ನೋಡಿ. ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ಕೂಡಲೇ ಆಫ್ ಮಾಡಿ. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ, ಮುಚ್ಚಿದ ಜಾಗದ ಹೊಗೆ ಉಸಿರು ಕಟ್ಟಿಸಿ ಕೊಲ್ಲುತ್ತದೆ.

ಹಂತ 8: ಸ್ಟೀರಿಂಗ್, ಸಸ್ಪೆನ್ಷನ್, ಟೈರು

ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ ಬೇರಿಂಗ್ ಅಥವಾ ಚಕ್ರ ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್. ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಉಳಿದರೆ ಕಿಂಗ್ ಪಿನ್ನೇ. ಎಲ್ಲ ಗ್ರೀಸ್ ನಿಪ್ಪಲ್‌ಗೂ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಹೊಡೆಯಿರಿ. ಟೈರಿನ ಪಟ್ಟೆ ಉಳಿದಿದೆ ಅಂತ ನಂಬಬೇಡಿ, ಪಕ್ಕದಲ್ಲಿರುವ ನಾಲ್ಕಂಕಿ ನೋಡಿ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಪಕ್ಕದಲ್ಲಿ ಸೀಳು ಬಿಟ್ಟ ಟೈರು ಶೆಡ್ಡಿನೊಳಗೆ ಉರುಳಿಸಲಿಕ್ಕೆ ಮಾತ್ರ.

ಹಂತ 9: ತಗಡು ಕೆಲಸ

ಈಗ ಟಿಂಕರಿಂಗ್. ಟ್ಯಾಂಕ್, ಸೀಟು, ಬ್ಯಾಟರಿ ಹೊರಗಿಟ್ಟು, ಡೈನಮೋ ಅಥವಾ ಆಲ್ಟರ್ನೇಟರ್ ವೈರ್ ಬಿಚ್ಚಿದ ಮೇಲೆಯೇ ವೆಲ್ಡಿಂಗ್. ತಗಡು ತೆಳು, ತೆಳು ತಂತಿಯಿಂದ ಬೆಸೆಯುವ ಮಿಗ್ ವೆಲ್ಡರ್ ಬೇಕು. ಸಾದಾ ಕಡ್ಡಿ ವೆಲ್ಡಿಂಗ್ ತೂತು ಮಾಡುತ್ತದೆ.

ತುಕ್ಕಿನ ಮೇಲೆ ತೇಪೆ ಹಾಕಬಾರದು. ಹೊಳೆಯುವ ತಗಡು ಸಿಗುವ ತನಕ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಕೂರಿಸಿ. ಎರಡೂ ಸಿಲ್ ಒಟ್ಟಿಗೆ ಕತ್ತರಿಸಬೇಡಿ. ಒಂದು ಪಕ್ಕ ಮುಗಿಸಿ ಇನ್ನೊಂದಕ್ಕೆ ಹೋಗಿ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಬೆಸೆದು ಬಾಡಿ ಬಾಗದಂತೆ ಹಿಡಿಯಿರಿ. ಸ್ವಲ್ಪ ಸ್ವಲ್ಪ ವೆಲ್ಡಿಂಗ್ ಆದಹಾಗೆ ಬಾಗಿಲ ಚೌಕಟ್ಟಿನ ಅಳತೆಯನ್ನು ಮತ್ತೆ ಮತ್ತೆ ನೋಡಿ. ಬಾಗಿಲು ಕೂರದೆ ಹೋದರೆ ಆ ಗಾಡಿ ಜೀವಮಾನವಿಡೀ ಗಡಗಡ ಅನ್ನುತ್ತದೆ.

ಮುಗಿದ ಮೇಲೆ ಸಿಲ್ಲಿನ ಒಳಗೆ ವ್ಯಾಕ್ಸ್ ಸ್ಪ್ರೇ ಮಾಡಿ, ಕೆಳಗಿನ ನೀರು ಹೋಗುವ ತೂತುಗಳನ್ನು ಬಿಡಿಸಿಡಿ. ಅಂಡರ್‌ಕೋಟ್ ಹೊಡೆಯುವವರು ಆ ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಆಗ ಒಳಗೆ ನಿಂತ ನೀರು ಹೊಸ ತಗಡನ್ನೇ ತಿನ್ನುತ್ತದೆ.

ಹಂತ 10: ವೈರಿಂಗ್

ಇಲಿ ಕಡಿದ ವೈರನ್ನು ಟೇಪು ಸುತ್ತಿ ಉಳಿಸಬೇಡಿ. ಹಳೆಯ ಪ್ಲಾಸ್ಟಿಕ್ ಒಂದು ಕಡೆ ಒಡೆದಿದ್ದರೆ ಎಲ್ಲ ಕಡೆ ಒಡೆಯುತ್ತದೆ. ಹಳೆಯ ಹಾರ್ನೆಸ್, ಅಂದರೆ ವೈರುಗಳ ಕಟ್ಟನ್ನು, ಪೂರ್ತಿ ತೆಗೆದು, ನೆಲದ ಮೇಲೆ ಹರಡಿ, ಅದೇ ಅಳತೆ ಬಣ್ಣದಲ್ಲಿ ಹೊಸದು ಕಟ್ಟಿ. ಬ್ಯಾಟರಿ ಹತ್ತಿರವೇ ಒಂದು ಮೇನ್ ಫ್ಯೂಸ್ ಸೇರಿಸಿ. ಬೆಳಕು ಮಂದ ಅನ್ನಿಸಿದರೆ ಮೊದಲು ಅರ್ತ್ ಕೂರುವ ಜಾಗವನ್ನು ಉಜ್ಜಿ, ಮುಕ್ಕಾಲು ಪಾಲು ತೊಂದರೆ ಅಲ್ಲೇ ಇರುತ್ತದೆ.

ಹಂತ 11: ಪೇಂಟ್, ಗಾಜು, ಸೀಟು

ಇಷ್ಟೆಲ್ಲ ಆದಮೇಲೆ ಪೇಂಟ್. ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ಪೇಂಟ್ ಗುಳ್ಳೆ ಏಳುತ್ತದೆ, ವೆಲ್ಡಿಂಗ್ ಕಿಡಿ ಸುಡುತ್ತದೆ. ಅದಕ್ಕೇ ಇದು ಇಷ್ಟು ಕೊನೆಗೆ.

ಬರಿ ತಗಡು ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ರಾತ್ರಿ ಬಿಟ್ಟರೆ ಬೆಳಗ್ಗೆ ಕಣ್ಣಿಗೆ ಕಾಣದ ತುಕ್ಕು ಕೂತಿರುತ್ತದೆ. ಪಟ್ಟಿ ತೆಳ್ಳಗಿರಲಿ. 3 ಮಿ.ಮೀ. ದಾಟಿದರೆ ಬಿಸಿಲಿಗೆ ಬಿರುಕು ಬಿಡುತ್ತದೆ, ಅಲ್ಲಿ ತಗಡನ್ನೇ ತಟ್ಟಿ ಸರಿಮಾಡಬೇಕು. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ. ಉಜ್ಜುವುದು, ಪ್ರೈಮರ್ ಮನೆಯಲ್ಲಿ ಮಾಡಿ. 2ಕೆ ಪೇಂಟನ್ನು (ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು) ಮಾತ್ರ ಪೇಂಟ್ ಬೂತ್ ಇರುವವರಿಗೆ ಕೊಡಿ. ಅದರ ಹಾರ್ಡನರ್ ಆವಿಗೆ ಸಾದಾ ಮಾಸ್ಕ್ ತಡೆಯಲ್ಲ.

ಮುಂದಿನ ಗಾಜು ಕೂರಿಸಲು ಅದರ ಸುತ್ತಲಿನ ರಬ್ಬರ್ ಬೀಡಿಂಗಿನ ಸಂದಿಯಲ್ಲಿ ದಾರ ಇಟ್ಟು, ಸೋಪಿನ ನೀರು ಹಚ್ಚಿ, ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಒತ್ತುತ್ತಾ ಇದ್ದಾಗ ಒಳಗಿನಿಂದ ದಾರ ಎಳೆಯಿರಿ. ಕಾರ್ಪೆಟ್ ಹಾಕುವ ಮೊದಲು ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟು ಫ್ಲೋರ್ ಮುಟ್ಟಿ ನೋಡಿ. ಒದ್ದೆ ಆದರೆ ಬೀಡಿಂಗ್ ಮತ್ತೆ ಕೂರಿಸಿ.

ಹಂತ 12: ಮೊದಲ ಓಟ

ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ, ಬೆಳಗ್ಗೆ ಆರಕ್ಕೆ, ಖಾಲಿ ಬಡಾವಣೆಯ ರಸ್ತೆಗೆ ಹೋಗಿ. ಮೊದಲು ನಡಿಗೆ ವೇಗದಲ್ಲಿ ಹತ್ತು ಸಲ ಬ್ರೇಕ್ ಹಿಡಿಯಿರಿ. ಗಾಡಿ ಒಂದು ಕಡೆಗೆ ಎಳೆದರೆ ಅಲ್ಲಿಂದಲೇ ವಾಪಸ್ಸು. ಐದು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ನಾಲ್ಕೂ ಡ್ರಮ್ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಅನ್ನಿಸಿದರೆ ಅಲ್ಲಿ ಶೂ ಹಿಡಿಯುತ್ತಿದೆ.

ರಾತ್ರಿ ಗಾಡಿಯ ಕೆಳಗೆ ಹಳೆಯ ದಿನಪತ್ರಿಕೆ ಹಾಸಿಡಿ. ಬೆಳಗ್ಗೆ ಕಪ್ಪು ಕಲೆ ಇಂಜಿನ್ ಆಯಿಲ್, ಹಸಿರು ಕೂಲೆಂಟ್, ಚಕ್ರದ ಒಳಬದಿಯ ಕೆಳಗೆ ತೆಳ್ಳಗಿನ ಎಣ್ಣೆ ಕಂಡರೆ ಬ್ರೇಕ್. ಬ್ರೇಕಿನ ಕಲೆ ಕಂಡ ದಿನ ಗಾಡಿ ತೆಗೆಯಬೇಡಿ. 500 ಕಿಲೋಮೀಟರ್ ಆದಾಗ ಆಯಿಲ್ ಬದಲಿಸಿ, ಟ್ಯಾಪೆಟ್ ನೋಡಿ, ಚಕ್ರದ ನಟ್ಟು, ಲೀಫ್ ಸ್ಪ್ರಿಂಗಿನ ಯು-ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ.